ಯೆರಿಕೋವಿನ ಗೋಡೆಯೂ ಬಾಬಿಲೋನಿನ ಎಣ್ಣೆಯೂ

ಸರ್ಕಾರಿ ಕಚೇರಿಯಲ್ಲಿ ಹತ್ತು ವರ್ಷ ಕಳೆದವನಿಗೆ ಲೋಕದ ಸಂಗತಿಗಳೆಲ್ಲ ಎರಡೇ ಗುಂಪಾಗಿ ಕಾಣತೊಡಗುತ್ತವೆ: ದಾಖಲೆ ಇರುವವು, ದಾಖಲೆ ಇಲ್ಲದವು. ಮೊದಲನೆಯವು ನಿಜ. ಎರಡನೆಯವನ್ನು ಕುರಿತು 'ಪರಿಶೀಲನೆಯಲ್ಲಿದೆ' ಎಂದು ಬರೆದು ಸುಮ್ಮನಿರಬಹುದು. ಇಂಥ ಬುದ್ಧಿಯವನ ಕೈಗೆ ಬೈಬಲಿನ ಹಳೆಯ ಒಡಂಬಡಿಕೆಯನ್ನೂ ಅದರಲ್ಲಿ ಬರುವ ಊರುಗಳನ್ನು ಅಗೆದವರ ಪುಸ್ತಕಗಳನ್ನೂ ಒಟ್ಟಿಗೆ ಕೊಟ್ಟರೆ ಏನಾದೀತು? ಕಳೆದ ಮಳೆಗಾಲವಿಡೀ ನನಗೆ ಆದದ್ದು ಅದೇ.

ಇದಕ್ಕೆ ಕಾರಣರಾದವರು ನನ್ನ ಪಕ್ಕದ ಮೇಜಿನವರು. ಬೆನೆ ಇಸ್ರಾಯೇಲ್ ಪಂಗಡದ ಯೆಹೂದ್ಯರು. ಮುಂಬಯಿಯ ನಮ್ಮವರಲ್ಲಿ ಕೆಲವರಿಗಾದರೂ ಈ ಜನರ ಪರಿಚಯವಿದ್ದೀತು. ಇವರ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಗಾಣದಿಂದ ಎಣ್ಣೆ ತೆಗೆಯುತ್ತಿದ್ದವರು; ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ 'ಶನಿವಾರ ತೇಲಿ' ಎಂದೇ ಅವರಿಗೆ ಹೆಸರು. ಮನೆಮಾತು ಮರಾಠಿ. ಕಚೇರಿಯಲ್ಲಿ ಕಿರಿಯರೆಲ್ಲ ಅವರನ್ನು 'ಕಾಕಾ' ಎನ್ನುತ್ತೇವೆ. ಪಾಸೋವರ್ ಹಬ್ಬದ ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು, ಮೋಶೆಯು ತಮ್ಮ ಪೂರ್ವಿಕರನ್ನು ಈಜಿಪ್ಟಿನ ಜೀತದಿಂದ ಬಿಡಿಸಿ ಕರೆತಂದ ಕಥೆ ಹೇಳುವುದು ಅವರ ಸಂಪ್ರದಾಯ. ಈ ಸಲ ಕಾಲೇಜಿಗೆ ಹೋಗುವ ಮಗ ನಡುವೆ ಬಾಯಿ ಹಾಕಿ, "ಇದಕ್ಕೆ ಪುರಾವೆ ಎಲ್ಲಿದೆ?" ಎಂದನಂತೆ. ತಂದೆಗೂ ಮಗನಿಗೂ ಮಾತು ನಿಂತುಹೋಯಿತು.

"ನೀನು ಇತಿಹಾಸ ಓದಿದವನು. ದಿನಾ ಪಿಂಚಣಿ ಕಡತಗಳಲ್ಲಿ ನಿಜ ಸುಳ್ಳು ಹುಡುಕುವವನು. ಓದಿ ನೋಡಿ ಹೇಳು. ನನ್ನ ಮುಖ ನೋಡಿಕೊಂಡು ಮಾತ್ರ ಹೇಳಬೇಡ" ಎಂದರು ಕಾಕಾ.

ಓದುತ್ತ ಹೋದೆ. ಮೊದಲಿಗೇ ಎದುರಾದದ್ದು ಯೆರಿಕೋ. ಯೆಹೋಶುವನ ಜನ ಏಳು ದಿನ ಊರನ್ನು ಸುತ್ತಿ, ಕೊಂಬೂದಿ ಕೂಗಿದಾಗ ಅದರ ಗೋಡೆ ಬಿದ್ದಿತೆಂದು ಗ್ರಂಥ ಹೇಳುತ್ತದೆ. 1930ರ ದಶಕದಲ್ಲಿ ಜಾನ್ ಗಾರ್‌ಸ್ಟಾಂಗ್ ಎಂಬ ಆಂಗ್ಲ ವಿದ್ವಾಂಸರು ಅಲ್ಲಿ ಅಗೆದು, ಬಿದ್ದ ಗೋಡೆ ಸಿಕ್ಕಿತೆಂದರು. ಭಕ್ತರಿಗೆ ಸಂತೋಷವಾಯಿತು. ಆದರೆ 1952ರಿಂದ 1958ರವರೆಗೆ ಅದೇ ದಿಬ್ಬವನ್ನು ಪದರ ಪದರವಾಗಿ ಬಿಡಿಸಿ ನೋಡಿದ ಕ್ಯಾಥ್ಲೀನ್ ಕೆನ್ಯನ್ ಎಂಬ ಮಹಿಳೆ, ಆ ಗೋಡೆ ಯೆಹೋಶುವನಿಗಿಂತ ಸುಮಾರು ಸಾವಿರ ವರ್ಷ ಹಿಂದಿನದೆಂದು ತೋರಿಸಿದರು. ಅವನು ಬಂದಿರಬಹುದಾದ ಕಾಲದಲ್ಲಿ ಅಲ್ಲಿ ಬೀಳಿಸಲು ಗೋಡೆಯೇ ಇರಲಿಲ್ಲ! ನೆರೆಯ ಆಯಿ ಪಟ್ಟಣದ ಕಥೆಯೂ ಹೀಗೆಯೇ. ಹಾಚೋರ್ ಎಂಬ ಊರು ಮಾತ್ರ ಕ್ರಿ. ಪೂ. 13ನೆಯ ಶತಮಾನದಲ್ಲಿ ಭಾರಿ ಬೆಂಕಿಗೆ ತುತ್ತಾದದ್ದು ನಿಜ. ಹಚ್ಚಿದವರು ಯಾರೆಂದು ಬೂದಿ ಹೇಳುವುದಿಲ್ಲ.

ಈಜಿಪ್ಟಿನಿಂದ ಹೊರಟ ವಿಷಯವೋ ಇನ್ನೂ ಕಷ್ಟದ್ದು. ಇಲ್ಲಿ ಒಂದು ಕಡತದ ಮಾತು ಹೇಳಬೇಕು. ಒಮ್ಮೆ ಒಬ್ಬ ಮುದುಕ ಜವಾನನ ಪಿಂಚಣಿ ನನ್ನ ಮೇಜಿಗೆ ಬಂತು. ಅವನ ಮೊದಲ ಒಂಬತ್ತು ವರ್ಷದ ಸೇವಾ ಪುಸ್ತಕವನ್ನು ಗೆದ್ದಲು ತಿಂದಿತ್ತು. 'ದಾಖಲೆ ಇಲ್ಲ, ಆದ್ದರಿಂದ ಸೇವೆ ಇಲ್ಲ' ಎಂದು ಮೇಲಿನವರ ಷರಾ. ಕೊನೆಗೆ ಖಜಾನೆಯ ಹಳೆಯ ಸಂಬಳದ ಪಟ್ಟಿಯಲ್ಲಿ ಅವನ ಹೆಬ್ಬೆಟ್ಟಿನ ಗುರುತು ಸಿಕ್ಕಿತು. ಅಷ್ಟರೊಳಗೆ ಎರಡು ವರ್ಷ ಕಳೆದಿತ್ತು, ಅವನ ಹೆಂಡತಿ ತೀರಿಕೊಂಡಿದ್ದಳು. ಆಗಿನಿಂದ 'ದಾಖಲೆ ಇಲ್ಲ' ಎಂಬ ಎರಡು ಪದ ಬರೆಯುವಾಗ ನನಗೆ ಕೈ ತಡೆಯುತ್ತದೆ. ಆದರೆ ಒಬ್ಬ ಜವಾನನ ಪುಸ್ತಕ ಕಳೆದುಹೋಗುವುದು ಬೇರೆ. ಇಡೀ ಒಂದು ಜಿಲ್ಲೆಯ ಕಚೇರಿಗಳೆಲ್ಲ ನಲವತ್ತು ವರ್ಷ ನಡೆದೂ ಒಂದು ಚೂರು ಕಾಗದವೂ ಉಳಿಯಲಿಲ್ಲವೆನ್ನುವುದು ಬೇರೆ. ವಿಮೋಚನಕಾಂಡದ ಪ್ರಕಾರ ಹೊರಟ ಗಂಡಸರೇ 6 ಲಕ್ಷ. ಹೆಂಗಸರು ಮಕ್ಕಳು ಸೇರಿ ಅಷ್ಟು ಜನ ಮರುಭೂಮಿಯಲ್ಲಿ 40 ವರ್ಷ ಬೀಡುಬಿಟ್ಟಿದ್ದರೆ ಒಲೆಯ ಕಲ್ಲು, ಒಡೆದ ಮಡಕೆ, ಗೋರಿ, ಏನಾದರೂ ಉಳಿಯಬೇಕು. ಸೀನಾಯ್ ಪ್ರದೇಶದಲ್ಲಿ ಹುಡುಕಿದವರಿಗೆ ಅಂಥ ಜನಸ್ತೋಮದ ಗುರುತು ಸಿಕ್ಕಿಲ್ಲ. ಒಂದು ಸಣ್ಣ ಗುಂಪು ತಪ್ಪಿಸಿಕೊಂಡು ಬಂದು, ಅದರ ನೆನಪು ಮುಂದೆ ಎಲ್ಲರ ನೆನಪಾಗಿ ಬೆಳೆದಿರಬಹುದೆಂದು ಕೆಲವು ವಿದ್ವಾಂಸರ ಊಹೆ. ನನಗೂ ಅದು ಒಪ್ಪುವಂತೆ ತೋರುತ್ತದೆ. ಆದರೆ ಊಹೆಗೆ ಕಚೇರಿಯ ಮೊಹರು ಒತ್ತಲಾಗದು.

ಅವರೆಂಬ ಜನ ಇದ್ದುದಕ್ಕಂತೂ ಅನುಮಾನವಿಲ್ಲ. ಈಜಿಪ್ಟಿನ ದೊರೆ ಮೆರ್ನೆಪ್ತಾ ಸುಮಾರು ಕ್ರಿ. ಪೂ. 1208ರಲ್ಲಿ ತನ್ನ ಗೆಲುವುಗಳನ್ನು ಕಲ್ಲಿನಲ್ಲಿ ಕೆತ್ತಿಸಿದ. 1896ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅದನ್ನು ಪತ್ತೆ ಮಾಡಿದರು. ಕಾನಾನ್ ಸೀಮೆಯಲ್ಲಿ ತಾನು ಸದೆಬಡಿದವರ ಸಾಲಿನಲ್ಲಿ ಅವನು ಇಸ್ರಾಯೇಲನ್ನೂ ಸೇರಿಸಿ, ಅದರ ಬೀಜವೇ ಉಳಿಯಲಿಲ್ಲವೆಂದು ಕೊಚ್ಚಿಕೊಂಡಿದ್ದಾನೆ. ಆ ಬೀಜದವರೊಬ್ಬರು ನನ್ನ ಪಕ್ಕದಲ್ಲಿ ಕೂತು ನಶ್ಯ ಏರಿಸುತ್ತಾರೆ! ನಮ್ಮ ಶಾಸನಗಳನ್ನು ಓದಿದವರಿಗೆ ಅರಸರ ಬಿರುದಾವಳಿಯನ್ನು ಎಷ್ಟರಮಟ್ಟಿಗೆ ನಂಬಬೇಕೆಂದು ಗೊತ್ತೇ ಇದೆ.

ರಾಜರ ಕಾಲಕ್ಕೆ ಬಂದರೆ ಸಾಕ್ಷಿ ದಟ್ಟವಾಗುತ್ತದೆ. ಮೋವಾಬಿನ ಅರಸ ಮೇಷನ ಕಲ್ಲು 1868ರಲ್ಲಿ ಸಿಕ್ಕಿತು. ದಾವೀದನ ಮನೆತನದ ಹೆಸರುಳ್ಳ ಕಲ್ಲು 1993ರಲ್ಲಿ ದಾನ್ ಎಂಬಲ್ಲಿ ದೊರೆಯಿತು. ಎರಡೂ ಹಗೆಗಳು ಬರೆಸಿದವು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕ್ರಿ. ಪೂ. 701ರ ಲೆಕ್ಕ. ಅಶ್ಶೂರದ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದ. ಅರಸ ಹಿಜ್ಕೀಯ ಅವನಿಗೆ 300 ತಲಾಂತು ಬೆಳ್ಳಿ, 30 ತಲಾಂತು ಚಿನ್ನ ಕೊಟ್ಟನೆಂದು ಬೈಬಲ್ ಹೇಳುತ್ತದೆ. ಸನ್ಹೇರೀಬನ ಮಣ್ಣಿನ ಶಾಸನ 30 ಚಿನ್ನ, 800 ಬೆಳ್ಳಿ ಎನ್ನುತ್ತದೆ. ಚಿನ್ನ ಕೂಡಿತು, ಬೆಳ್ಳಿ ಕೂಡಲಿಲ್ಲ! ಕೊಟ್ಟವನ ವಹಿಯೂ ಪಡೆದವನ ವಹಿಯೂ ಸಂಪೂರ್ಣ ಕೂಡಿದ್ದರೆ ನನಗೇ ಸಂಶಯ ಬರುತ್ತಿತ್ತು. ಇನ್ನೊಂದು ವಿಶೇಷ: 46 ಕೋಟೆಯೂರುಗಳನ್ನು ಹಿಡಿದೆನೆಂದೂ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆನೆಂದೂ ಬರೆಸಿದ ಆ ಅರಸ, ಯೆರೂಸಲೇಮನ್ನು ಹಿಡಿದೆನೆಂದು ಎಲ್ಲಿಯೂ ಬರೆಸಿಲ್ಲ. ದೇವದೂತ ಬಂದು ಒಂದೇ ರಾತ್ರಿ 1,85,000 ಮಂದಿಯನ್ನು ಕೊಂದನೆಂಬುದನ್ನು ಯಾವ ಗುದ್ದಲಿಯೂ ಹೇಳಲಾರದು, ಅಲ್ಲಗಳೆಯಲೂ ಆರದು. ಊರು ಉಳಿಯಿತೆಂಬುದಷ್ಟೇ ಇಬ್ಬರ ವಹಿಯಲ್ಲೂ ಕಾಣುವ ಸಂಗತಿ.

ಒಂದು ಶನಿವಾರ ಕಳೆದು, ಸೋಮವಾರ ಮಧ್ಯಾಹ್ನದ ಡಬ್ಬಿ ಬಿಚ್ಚುವ ಹೊತ್ತಿಗೆ ಕಾಕಾನಿಗೆ ಇದನ್ನೆಲ್ಲ ಹೇಳಿದೆ. ಯೆರಿಕೋವನ್ನೂ ಮರೆಮಾಚಲಿಲ್ಲ. ಅವರು ಬಹಳ ಹೊತ್ತು ಮಾತಾಡಲಿಲ್ಲ. "ಹಾಗಾದರೆ ಹುಡುಗ ಕೇಳಿದ್ದು ತಪ್ಪಲ್ಲ ಅನ್ನು" ಎಂದರು. "ಕೇಳಿದ್ದು ತಪ್ಪಲ್ಲ. ಆದರೆ ಅವನು ಇದನ್ನೂ ಕೇಳಬೇಕು" ಎಂದು ಬಾಬಿಲೋನಿನ ಮಾತು ತೆಗೆದೆ.

ಕ್ರಿ. ಪೂ. 597ರಲ್ಲಿ ನೆಬೂಕದ್ನೆಚ್ಚರನು ಯೆಹೂದದ ಎಳೆಯ ಅರಸ ಯೆಹೋಯಾಖೀನನನ್ನು ಸೆರೆಹಿಡಿದು ಬಾಬಿಲೋನಿಗೆ ಒಯ್ದ. ಮುಂದೆ ಅಲ್ಲಿನ ಅರಮನೆಯಿಂದ ಅವನಿಗೆ ದಿನದ ಆಹಾರ ಸಿಗುತ್ತಿತ್ತೆಂಬ ಮಾತಿನೊಡನೆ ಅರಸುಗಳ ಗ್ರಂಥ ಮುಗಿಯುತ್ತದೆ. ಜರ್ಮನರು ಬಾಬಿಲೋನನ್ನು ಅಗೆದಾಗ ಅರಮನೆಯ ಉಗ್ರಾಣದ ಜೇಡಿಮಣ್ಣಿನ ಹಲಗೆಗಳು ದೊರೆತವು. ವೈಡ್ನರ್ ಎಂಬ ವಿದ್ವಾಂಸರು 1939ರಲ್ಲಿ ಅವನ್ನು ಓದಿ ಪ್ರಕಟಿಸಿದರು. ಅವು ವೀರಗಾಥೆಗಳಲ್ಲ, ಯಾರಿಗೆ ಎಷ್ಟು ಎಣ್ಣೆ ಅಳೆದು ಕೊಟ್ಟಿತೆಂಬ ಪಟ್ಟಿಗಳು. ಅವುಗಳಲ್ಲಿ ಯೆಹೂದದ ಅರಸ ಯೆಹೋಯಾಖೀನನ ಹೆಸರಿದೆ. ಅವನ ಐವರು ಮಕ್ಕಳಿಗೆ ಒಟ್ಟು 2½ 'ಸಿಲಾ' ಎಂದಿದೆ. ಬರೆದ ಗುಮಾಸ್ತನಿಗೆ ಯಾವ ಗ್ರಂಥವನ್ನೂ ಸಾಧಿಸಬೇಕಿರಲಿಲ್ಲ, ಯಾವುದನ್ನೂ ಮುರಿಯಬೇಕಿರಲಿಲ್ಲ. ಸಂಜೆಯೊಳಗೆ ಎಣ್ಣೆಯ ಲೆಕ್ಕ ಕೂಡಿದರೆ ಸಾಕಿತ್ತು.

ಕಾಕಾ ಹಳೆಯ ಲಕೋಟೆಯೊಂದರ ಬೆನ್ನ ಮೇಲೆ ಅಷ್ಟನ್ನೂ ಬರೆದುಕೊಂಡರು, ಯೆರಿಕೋವನ್ನೂ ಸೇರಿಸಿ. ಮಗನಿಗೆ ತೋರಿಸಲು.

"ಸಿಲಾ ಅಂದರೆ ಎಷ್ಟು?"

"ಲೀಟರಿಗೆ ತುಸು ಕಡಿಮೆ ಎನ್ನುತ್ತಾರೆ ಕಾಕಾ."

ಅವರು ಬೆರಳು ಮಡಚಿ ಎಣಿಸಿದರು. "ತಲೆಗೆ ಅರ್ಧ ಸಿಲಾ ಬಂತಲ್ಲ! ಅರಸನ ಮಕ್ಕಳಿಗೆ? ನಮ್ಮಜ್ಜ ಗಾಣದ ಹತ್ತಿರ ಬಂದ ಬಡಬಗ್ಗರಿಗೇ ಇದಕ್ಕಿಂತ ಧಾರಾಳವಾಗಿ ಹೊಯ್ಯುತ್ತಿದ್ದ" ಎಂದು ಲಕೋಟೆಯನ್ನು ಕಿಸೆಗೆ ಸೇರಿಸಿದರು.