ಮುಂಬಯಿಯಿಂದ ಬಜಪೆಗೆ

ಮುಂಬಯಿಗೂ ಮಂಗಳೂರಿಗೂ ಆಕಾಶಮಾರ್ಗದಲ್ಲಿರುವ ಅಂತರವು ಸುಮಾರು 715 ಕಿಲೋಮೀಟರು. ಮೇಲೆದ್ದ ವಿಮಾನವು ಕಿಟಕಿಯವರಿಗೆ ಕೊಂಕಣದ ಕರಾವಳಿಯನ್ನು ತೋರಿಸುತ್ತ, ಒಂದೂವರೆ ಗಂಟೆಯ ಸುಮಾರಿಗೆ ಮಂಗಳೂರಿನ ವಿಮಾನನಿಲ್ದಾಣವಿರುವ ಬಜಪೆಯ ಗುಡ್ಡದ ನೆತ್ತಿಯಲ್ಲಿ ಇಳಿಯುವುದು. ಅದರಲ್ಲಿಯೂ ನಿಜವಾದ ಹಾರಾಟಕ್ಕೆ ಸಲ್ಲುವುದು ಗಂಟೆಗಿಂತ ತುಸು ಹೆಚ್ಚು ಮಾತ್ರ. ಒಂದನ್ನೊಂದು ಅಡ್ಡಹಾಯುವ ಎರಡು ರನ್‌ವೇಗಳುಳ್ಳ ಮುಂಬಯಿಯಲ್ಲಿ ಸರದಿ ಕಾಯುವುದಕ್ಕೂ ಕಾಲ ಸಲ್ಲಬೇಕಷ್ಟೆ.

1951ರ ಡಿಸೆಂಬರ್ 25ರಂದು ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಬಜಪೆಯ ನಿಲ್ದಾಣವನ್ನು ಉದ್ಘಾಟಿಸಿದ ಕಾಲದಲ್ಲಿ, ಮುಂಬಯಿಯ ಮಾಟುಂಗ, ಫೋರ್ಟುಗಳ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದ ನಮ್ಮ ಜಿಲ್ಲೆಯ ಹುಡುಗರಿಗೆ ಊರೆಂಬುದು ಹಡಗಿನಲ್ಲಿಯೋ ಘಟ್ಟವೇರಿಳಿಯುವ ಬಸ್ಸಿನಲ್ಲಿಯೋ ದಿನಗಟ್ಟಲೆ ಸಾಗಿ ಸೇರಬೇಕಾದ ದೂರವಾಗಿದ್ದಿತು. ತಂದೆಯ ಮರಣವಾರ್ತೆಯ ತಂತಿ ಕೈಸೇರಿ ಹೊರಟವನು ಉತ್ತರಕ್ರಿಯೆಗಾದರೂ ಮುಟ್ಟಿದರೆ ಅದೇ ಪುಣ್ಯ. 1998ರಲ್ಲಿ ಕೊಂಕಣ ರೈಲ್ವೆಯ 741 ಕಿಲೋಮೀಟರು ಮಾರ್ಗವು ಪೂರ್ಣಗೊಂಡು ಮತ್ಸ್ಯಗಂಧಾ ರೈಲು ಓಡತೊಡಗಲು, ಆ ದೂರವು ಒಂದು ರಾತ್ರಿಯ ನಿದ್ರೆಯಷ್ಟಾಯಿತು. ನಮ್ಮವರ ಬಾಳನ್ನು ವಿಮಾನಕ್ಕಿಂತ ಹೆಚ್ಚಾಗಿ ಬದಲಿಸಿದ್ದು ಆ ರೈಲೇ ಎಂದು ನನ್ನ ದೃಢವಾದ ನಂಬಿಕೆ: ವಿಮಾನದ ಟಿಕೇಟಿಗೆ ಕೈ ಎಟುಕದ ಮುದಿತಾಯಂದಿರು ಹಲಸಿನ ಹಪ್ಪಳದ ಕಟ್ಟು, ಕುಚ್ಚಲಕ್ಕಿಯ ಚೀಲಗಳೊಡನೆ ಮುಂಬಯಿಯ ಬಳಿಯ ಠಾಣೆಯಲ್ಲಿಳಿದು ಮಕ್ಕಳ ಮನೆ ಸೇರುವಂತಾದದ್ದು ಅದರಿಂದಲೇ.