ಗಡಿಯಾರಕ್ಕೂ ಬೇಕು ‘ಟೈಂಪ್ಲೀಸ್’

ಮಕ್ಕಳೇ, ಕಣ್ಣಾಮುಚ್ಚಾಲೆ ಆಡುವಾಗ ನೀವು ಹತ್ತರಿಂದ ಒಂದರವರೆಗೆ ಹಿಂದಕ್ಕೆ ಎಣಿಸಿರುತ್ತೀರಿ. ನಡುವೆ ಯಾರ ಕಾಲಿಗಾದರೂ ಮುಳ್ಳು ಚುಚ್ಚಿದರೆ ‘ಟೈಂಪ್ಲೀಸ್’ ಎಂದು ಕೂಗುತ್ತಾರೆ. ಕೂಡಲೇ ಎಣಿಕೆ ನಿಲ್ಲುತ್ತದೆ, ಅಲ್ಲವೇ? ಕಂಪ್ಯೂಟರ್ ಆಟವೊಂದರಲ್ಲಿ ಈ ‘ಟೈಂಪ್ಲೀಸ್’ ಇಡುವುದನ್ನು ಮರೆತು ನಾನು ಮಾಡಿದ ತಪ್ಪಿನ ಕಥೆ ಇದು.

ಸಾಹಸದ ಆಟಗಳನ್ನು ತಯಾರಿಸಲು ‘ಅಡ್ವೆಂಚರ್ ಗೇಮ್ ಸ್ಟುಡಿಯೋ’ ಎಂಬ ಉಚಿತ ತಂತ್ರಾಂಶವಿದೆ. ಇದನ್ನು ರೂಪಿಸಿದವರು ಬ್ರಿಟನ್ನಿನ ಕ್ರಿಸ್ ಜೋನ್ಸ್. ಇದರ ಮೊದಲ ಆವೃತ್ತಿ ಬಂದದ್ದು 1997ರಲ್ಲಿ. ಇದನ್ನು ಬಳಸಿ ನಾನೊಂದು ಗುಹೆಯ ಆಟ ಮಾಡಿದೆ. ಹುಡುಗನೊಬ್ಬ ಎಣ್ಣೆದೀಪ ಹಿಡಿದು ಗುಹೆಯಲ್ಲಿ ನಿಂತಿದ್ದಾನೆ. ಎಡಕ್ಕೊಂದು, ಬಲಕ್ಕೊಂದು ದಾರಿ. 60 ಸೆಕೆಂಡಿನಲ್ಲಿ ದೀಪ ಆರಿಹೋಗುತ್ತದೆ. ಅಷ್ಟರೊಳಗೆ ಅವನು ಹೊರಗೆ ಹೋಗುವ ದಾರಿ ಹಿಡಿಯಬೇಕು. ಅಲ್ಲೇ ಕುಳಿತ ಅಜ್ಜಿಯೊಬ್ಬಳು ಸುಳಿವು ಕೊಡುತ್ತಾಳೆ. “ಗಾಳಿ ಬರುವ ಕಡೆಗೆ ಹೋಗು, ದೀಪದ ಕುಡಿಯನ್ನು ನೋಡು” ಎಂಬುದು ಅವಳ ಐದಾರು ಸಾಲಿನ ಮಾತಿನ ಸಾರ. ಆ ಸಾಲುಗಳು ಇಂಗ್ಲಿಷಿನಲ್ಲಿದ್ದವು. ಮೌಸ್ ಒತ್ತುವವರೆಗೂ ಅವು ಪರದೆಯ ಮೇಲೆ ಇರುತ್ತಿದ್ದವು.

ಕಂಪ್ಯೂಟರ್ 60 ಸೆಕೆಂಡನ್ನು ಎಣಿಸುವುದು ಹೇಗೆ? ಈ ತಂತ್ರಾಂಶದಲ್ಲಿ ಆಟವು ಸಾಮಾನ್ಯವಾಗಿ ಸೆಕೆಂಡಿಗೆ 40 ಸುತ್ತು ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ಚಿತ್ರವನ್ನು ಹೊಸದಾಗಿ ಬರೆಯುತ್ತದೆ, ಮೌಸ್ ಒತ್ತಿದ್ದಾರೆಯೇ ಎಂದು ನೋಡುತ್ತದೆ. 60ನ್ನು 40ರಿಂದ ಗುಣಿಸಿ. 2400 ಬಂತೇ? ನಾನು ‘ಎಣ್ಣೆ’ ಎಂಬ ಹೆಸರಿನಲ್ಲಿ 2400 ಎಂಬ ಸಂಖ್ಯೆಯನ್ನು ಇಟ್ಟೆ. ಪ್ರತಿ ಸುತ್ತಿಗೂ ಅದರಿಂದ 1 ಕಳೆಯಬೇಕು, ಸೊನ್ನೆಯಾದಾಗ ದೀಪ ಆರಿಸಬೇಕು ಎಂದು ಆದೇಶ ಬರೆದೆ. ಕೆಲಸ ಮುಗಿಯಿತು ಎಂದುಕೊಂಡೆ.

ಬೇಸಿಗೆ ರಜೆಯಲ್ಲಿ ತಂಗಿಯ ಮಕ್ಕಳು ಬಂದರು. ಹೈಸ್ಕೂಲಿನ ಹುಡುಗ ಒಂದೇ ಸಲಕ್ಕೆ ಗೆದ್ದ. ಐದನೆಯ ತರಗತಿಯ ಅವನ ತಂಗಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು. ಓದಿ ಮುಗಿಸುವ ಮೊದಲೇ ದೀಪ ಆರಿತು. ಮೂರು ಸಲ ಹೀಗೇ ಆಯಿತು. “ಬೇಗ ಓದಬೇಕಮ್ಮಾ” ಎಂದೆ. ಅವಳು ಮೌಸ್ ಬಿಟ್ಟು ಎದ್ದಳು. “ನಾನು ದಡ್ಡಿ ಮಾಮ, ನನಗೆ ಬರಲ್ಲ” ಎಂದಳು.

ಆ ಸಾಲುಗಳನ್ನು ನಾನೇ ಕನ್ನಡದಲ್ಲಿ ಹೇಳಿದೆ. ಅವಳು ಪರದೆಯನ್ನು ಒಮ್ಮೆ ನೋಡಿ, “ಕುಡಿ ಎಡಕ್ಕೆ ಬಾಗಿದೆ. ಹಾಗಾದರೆ ಗಾಳಿ ಬಲಗಡೆಯಿಂದ ಬರ್ತಿದೆ. ಬಲಗಡೆ ಹೋಗಬೇಕು” ಎಂದಳು. ಉತ್ತರ ಸರಿಯಾಗಿತ್ತು! ನನ್ನ ಗಡಿಯಾರ ಅಳೆಯುತ್ತಿದ್ದುದು ಅವಳ ಯೋಚನೆಯನ್ನಲ್ಲ, ಇಂಗ್ಲಿಷ್ ಓದುವ ವೇಗವನ್ನು.

ತಪ್ಪು ಎಲ್ಲಿತ್ತು? ಪ್ರತಿ ಸುತ್ತಿನ ಆದೇಶ ಬರೆಯಲು ಈ ತಂತ್ರಾಂಶದಲ್ಲಿ ಒಂದಕ್ಕಿಂತ ಹೆಚ್ಚು ಜಾಗಗಳಿವೆ. ‘ರಿಪೀಟೆಡ್ಲಿ ಎಕ್ಸಿಕ್ಯೂಟ್ ಆಲ್ವೇಸ್’ ಎಂಬಲ್ಲಿ ಬರೆದ ಆದೇಶ ಪಾತ್ರಗಳು ಮಾತನಾಡುತ್ತಿರುವಾಗಲೂ ನಡೆಯುತ್ತಲೇ ಇರುತ್ತದೆ. ಬರಿಯ ‘ರಿಪೀಟೆಡ್ಲಿ ಎಕ್ಸಿಕ್ಯೂಟ್’ ಎಂಬಲ್ಲಿ ಬರೆದದ್ದು ಮಾತು ಮುಗಿಯುವವರೆಗೆ ನಿಂತಿರುತ್ತದೆ. ನಾನು ಮೊದಲನೆಯ ಜಾಗದಲ್ಲಿ ಬರೆದಿದ್ದೆ. ಅದೇ ಆದೇಶವನ್ನು ಎರಡನೆಯ ಜಾಗಕ್ಕೆ ಸರಿಸಿದೆ. ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಈಗ ಅಜ್ಜಿ ಮಾತನಾಡುವಾಗ ಎಣ್ಣೆ ಕರಗುವುದಿಲ್ಲ. ಮರುದಿನ ಹುಡುಗಿ ನಿಧಾನವಾಗಿ ಓದಿದಳು, ಗೊತ್ತಿಲ್ಲದ ಎರಡು ಪದಗಳನ್ನು ಅಣ್ಣನಿಂದ ಕೇಳಿ ತಿಳಿದಳು. ದೀಪ ಆರುವುದಕ್ಕೆ ಬಹಳ ಮೊದಲೇ ಗುಹೆಯಿಂದ ಹೊರಗೆ ಬಂದಳು.

ಕಂಪ್ಯೂಟರ್ ಇಲ್ಲದೆಯೂ ಇದನ್ನು ನೀವು ಮಾಡಿ ನೋಡಬಹುದು. 20 ಕಲ್ಲುಗಳನ್ನು ಸಾಲಾಗಿ ಇಡಿ. ಒಬ್ಬರು ಒಂದೊಂದು ಚಪ್ಪಾಳೆಗೆ ಒಂದೊಂದು ಕಲ್ಲು ತೆಗೆಯಲಿ. ಇನ್ನೊಬ್ಬರು ಚೀಟಿಯಲ್ಲಿ ಬರೆದ ಒಗಟನ್ನು ಓದಿ, ಕಲ್ಲು ಮುಗಿಯುವುದರೊಳಗೆ ಉತ್ತರ ಹೇಳಲಿ. ಮೊದಲು, ಓದುವಾಗಲೂ ಕಲ್ಲು ತೆಗೆಯುತ್ತಾ ಆಡಿ. ಆಮೇಲೆ ಬೇರೆ ಒಗಟುಗಳನ್ನು ತೆಗೆದುಕೊಂಡು, ಓದಿ ಮುಗಿದ ಮೇಲಷ್ಟೇ ಚಪ್ಪಾಳೆ ಶುರುಮಾಡಿ. ಎರಡು ಸಲವೂ ಗೆದ್ದವರು ಅವರೇನಾ? ಬರೆದಿಟ್ಟು ಹೋಲಿಸಿ.

ಮುಂದೆ ನೀವೂ ಆಟಗಳನ್ನು ತಯಾರಿಸುತ್ತೀರಿ. ಅದರಲ್ಲಿ ಗಡಿಯಾರ ಇಡುವಾಗ, ಅದು ಯಾವಾಗ ಓಡಬೇಕು ಎಂಬುದರ ಜೊತೆಗೆ ಯಾವಾಗ ನಿಲ್ಲಬೇಕು ಎಂಬುದನ್ನೂ ಬರೆಯಿರಿ.