ಬಾಣ ಒತ್ತಿದರೆ ಎ

ರಾತ್ರಿ ಹತ್ತೂವರೆಗೆ ಫೋನು ಬಂತು. ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ.

"ಸರ್, ಸರ್ವರ್‌ನಲ್ಲಿ ಒಂದು ಫೈಲ್ ತೆಗೆದಿದ್ದೀನಿ. ಮೇಲಕ್ಕೆ ಹೋಗೋಣ ಅಂತ ಬಾಣದ ಕೀ ಒತ್ತಿದ್ರೆ ಎ ಅಂತ ಬೀಳ್ತಿದೆ."

"ಇದ್ದ ಸಾಲಲ್ಲೇ ಬೀಳ್ತಿದೆಯೋ, ಹೊಸ ಸಾಲು ಮಾಡ್ಕೊಂಡು ಬೀಳ್ತಿದೆಯೋ, ನೋಡಮ್ಮ."

ಕೀ ಒತ್ತಿದ ಸದ್ದು ಕೇಳಿಸಿತು. "ಹೊಸ ಸಾಲು ಸರ್. ಮೇಲ್ಗಡೆ."

ನನಗೆ ಅರ್ಧ ಉತ್ತರ ಸಿಕ್ಕಿತು. ಬಾಣದ ಕೀ ಒತ್ತಿದಾಗ ಟರ್ಮಿನಲ್‌ನಿಂದ ಹೊರಡುವುದು ಒಂದು ಸಂಕೇತವಲ್ಲ, ಮೂರು: ಎಸ್ಕೇಪ್, ಅದರ ಬೆನ್ನಿಗೆ ದೊಡ್ಡ ಓ, ಕೊನೆಗೆ ಎ. ಮೂರನ್ನೂ ಕೂಡಿಸಿ ಮೇಲ್ಬಾಣ ಎಂದು ಓದಿಕೊಳ್ಳುವುದು ಎಡಿಟರ್‌ನ ಕೆಲಸ. ಹಾಗೆ ಕೂಡಿಸಿ ಓದದ ವಿಐ ಎಂಬ ಹಳೆಯ ಎಡಿಟರ್ ಒಂದೊಂದನ್ನೂ ಬಿಡಿಬಿಡಿ ಆಜ್ಞೆಯಾಗಿ ನಡೆಸುತ್ತದೆ. ಎಸ್ಕೇಪ್ ಬಂದರೆ ಬರೆಯುವುದನ್ನು ನಿಲ್ಲಿಸು. ದೊಡ್ಡ ಓ ಬಂದರೆ ಮೇಲೊಂದು ಹೊಸ ಸಾಲು ತೆರೆ. ಆಮೇಲೆ ಬಂದ ಎ ಅನ್ನು ಅಲ್ಲಿ ಬರೆ. ನಡುವಿನ ಅಕ್ಷರ ಓ ಆಗದೆ ಚೌಕ ಕಂಸವಾಗಿದ್ದರೆ ಹೊಸ ಸಾಲು ಹುಟ್ಟುತ್ತಿರಲಿಲ್ಲ, ಬೀಪ್ ಸದ್ದಷ್ಟೇ ಬರುತ್ತಿತ್ತು. ಪರದೆ ಕಾಣದೆಯೂ, ತಂತಿಯ ಮೇಲೆ ಯಾವ ಸಂಕೇತ ಹರಿಯಿತು ಎಂದು ಒಂದೇ ಪ್ರಶ್ನೆಯಿಂದ ತಿಳಿಯುತ್ತದೆ. ಇಪ್ಪತ್ತೈದು ವರ್ಷಗಳಿಂದ ಯುನಿಕ್ಸ್ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೇನೆ. ಈ ಕೆಲಸದಲ್ಲಿ ನನಗೆ ಇದಕ್ಕಿಂತ ಪ್ರಿಯವಾದದ್ದು ಇನ್ನೊಂದಿಲ್ಲ.

ಈ ಹುಚ್ಚು ಹಿಡಿದದ್ದು ಕಾಲೇಜಿನ ಲ್ಯಾಬಿನಲ್ಲಿ. ಒಂದು ಯುನಿಕ್ಸ್ ಯಂತ್ರ, ಅದಕ್ಕೆ ಸೀರಿಯಲ್ ತಂತಿಯಿಂದ ಕಟ್ಟಿದ ಏಳೆಂಟು ಟರ್ಮಿನಲ್‌ಗಳು, ಕಪ್ಪು ಪರದೆಯಲ್ಲಿ ಹಸಿರು ಅಕ್ಷರ. ಮೊದಲ ದಿನ ವಿಐ ತೆಗೆದಾಗ ಯಂತ್ರ ಉತ್ತಮ ಪುರುಷದಲ್ಲಿ ಮಾತಾಡಿತು. ನೀನು ಯಾವ ಬಗೆಯ ಟರ್ಮಿನಲ್ ಮುಂದೆ ಕೂತಿದ್ದೀಯೋ ನನಗೆ ಗೊತ್ತಿಲ್ಲ, ನನ್ನ ಬಳಿ ಇರುವುದು ಈ ಹೆಸರಷ್ಟೇ ಎಂದು ಇಂಗ್ಲಿಷಿನಲ್ಲಿ ಬರೆದು, ಇಡೀ ಪುಟ ತೋರಿಸುವ ಬದಲು ಒಂದೊಂದೇ ಸಾಲು ತೋರಿಸುವ ಓಪನ್ ಮೋಡ್‌ಗೆ ಇಳಿಯಿತು. ಲ್ಯಾಬ್ ನೋಡಿಕೊಳ್ಳುತ್ತಿದ್ದವರು ಬಂದು, ನಿಂತಲ್ಲೇ ಬಗ್ಗಿ, ಟರ್ಮ್ ಸಮ ವಿಟಿ100 ಎಂದು ಹೊಡೆದು, ಇನ್ನೊಂದು ಸಾಲಿನಲ್ಲಿ ಎಕ್ಸ್‌ಪೋರ್ಟ್ ಟರ್ಮ್ ಎಂದು ಹೊಡೆದು ಹೊರಟೇಹೋದರು. ಮತ್ತೆ ವಿಐ ತೆಗೆದರೆ ಪರದೆ ತುಂಬ ಪುಟ ಹರಡಿಕೊಂಡಿತು. ಅವರು ಯಂತ್ರಕ್ಕೆ ಹೇಳಿದ್ದು ಒಂದು ಹೆಸರನ್ನು ಮಾತ್ರ. ಹೆಸರು ಹೇಳಿದ ಕೂಡಲೇ ಅದಕ್ಕೆ ನನ್ನ ಪರದೆಯ ಪರಿಚಯ ಹೇಗಾಯಿತು ಎಂಬ ಪ್ರಶ್ನೆ ಅವತ್ತು ಹೊಕ್ಕಿದ್ದು ಇನ್ನೂ ಹೊರಗೆ ಹೋಗಿಲ್ಲ.

ಉತ್ತರ ತಿಳಿಯಲು 1970ರ ದಶಕಕ್ಕೆ ಹೋಗಬೇಕು. ಆಗ ಒಂದೊಂದು ಕಂಪನಿಯ ಟರ್ಮಿನಲ್‌ಗೆ ಒಂದೊಂದು ಭಾಷೆ. ಕರ್ಸರನ್ನು ಹತ್ತನೇ ಸಾಲಿನ ಐದನೇ ಮನೆಗೆ ಒಯ್ಯಬೇಕು ಅಂತಿಟ್ಟುಕೊಳ್ಳಿ. ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಸೊನ್ನೆಯಿಂದ ಎಣಿಸುತ್ತದೆ, ಎಣಿಸಿದ್ದಕ್ಕೆ 32 ಕೂಡಿಸಿ ಅದನ್ನು ಒಂದು ಅಕ್ಷರವಾಗಿ ಕೇಳುತ್ತದೆ. ಸಾಲಿಗೆ 41, ಅದು ಮುಚ್ಚುವ ಕಂಸ. ಮನೆಗೆ 36, ಅದು ಡಾಲರ್ ಚಿಹ್ನೆ. ಹಾಗಾಗಿ ಎಸ್ಕೇಪ್ ಆದ ಮೇಲೆ =)$ ಎಂದು ಕಳಿಸಬೇಕು. ಡಿಜಿಟಲ್ ಕಂಪನಿಯ ವಿಟಿ100 ಒಂದರಿಂದ ಎಣಿಸುತ್ತದೆ, ಅಂಕಿಯನ್ನು ಅಂಕಿಯಾಗಿಯೇ ಬರೆಯಿಸಿಕೊಳ್ಳುತ್ತದೆ: ಎಸ್ಕೇಪ್, ಆಮೇಲೆ [10;5 ಮತ್ತು ಎಚ್. ವಿಟಿ100 ಮುಂದೆ ಕೂತು ಟರ್ಮ್‌ಗೆ ಎಡಿಎಂ-3ಎ ಎಂದು ಹೇಳಿದಿರೋ, ಎಸ್ಕೇಪ್ ಮತ್ತು ಸಮಚಿಹ್ನೆಯನ್ನು ಅದು ಬಲಗಡೆಯ ಅಂಕಿ ಕೀಗಳ ರೀತಿ ಬದಲಿಸುವ ಆಜ್ಞೆ ಎಂದುಕೊಂಡು ನುಂಗುತ್ತದೆ, ಉಳಿದ )$ ಪರದೆಯ ಮೇಲೆ ಚೆಲ್ಲುತ್ತದೆ. ಪರದೆಯ ಮೇಲಿನ ಕಸ ನನಗೆ ಯಾವತ್ತೂ ಕಸವಾಗಿ ಕಂಡಿಲ್ಲ. ಯಾರೋ ಯಾರಿಗೋ ಆಡಿದ ಮಾತು ತಪ್ಪಿ ಇನ್ಯಾರದೋ ಕಿವಿಗೆ ಬಿದ್ದಿದೆ. ಆ ಮಾತಿನ ಧಾಟಿಯಲ್ಲೇ ಅದು ಯಾವ ಮನೆಯದೆಂಬ ಗುರುತಿದೆ.

ಬರ್ಕ್ಲಿಯಲ್ಲಿ ಓದುತ್ತಿದ್ದ ಬಿಲ್ ಜಾಯ್ ವಿಐ ಬರೆದದ್ದು ಎಡಿಎಂ-3ಎ ಮುಂದೆ ಕೂತು. ಆ ಕೀಲಿಮಣೆಯಲ್ಲಿ ಎಚ್, ಜೆ, ಕೆ, ಎಲ್ ಕೀಗಳ ಮೇಲೆಯೇ ಬಾಣಗಳ ಚಿತ್ರವಿತ್ತು, ಈಗ ಟ್ಯಾಬ್ ಇರುವ ಕಡೆ ಎಸ್ಕೇಪ್ ಇತ್ತು. ಇವತ್ತು ಕಿರುಬೆರಳನ್ನು ಮೂಲೆಯವರೆಗೂ ಚಾಚಿ ಎಸ್ಕೇಪ್ ಒತ್ತುವವರಿಗೆ ಆ ವಿನ್ಯಾಸದ ಬುದ್ಧಿವಂತಿಕೆ ಅರ್ಥವಾಗಬೇಕಾದರೆ ಆ ಹಳೆಯ ಕೀಲಿಮಣೆಯ ಚಿತ್ರ ನೋಡಬೇಕು. ಮೋಡೆಮ್‌ಗಳು 300 ಬಾಡ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 30 ಅಕ್ಷರದ ಲೆಕ್ಕದಲ್ಲಿ ಕಳಿಸುತ್ತಿದ್ದ ಕಾಲ ಅದು. 24 ಸಾಲು, 80 ಮನೆ, ಒಟ್ಟು 1920 ಅಕ್ಷರದ ಪರದೆ ಪೂರ್ತಿ ಬರೆಯಲು 64 ಸೆಕೆಂಡು. ಒಂದು ಅಕ್ಷರ ತಿದ್ದಿದ್ದಕ್ಕೆ ಇಡೀ ಪರದೆ ಮತ್ತೆ ಬರೆಯುವ ಮಾತೇ ಇಲ್ಲ. ಬೇಕಾದ ಮನೆಗೆ ಕರ್ಸರ್ ಹಾರಬೇಕು. ಹಾರಲು ಆ ಟರ್ಮಿನಲ್‌ನ ಭಾಷೆ ಬೇಕು. ಅದಕ್ಕೇ ಬಿಲ್ ಜಾಯ್ 1978ರಲ್ಲಿ ಟರ್ಮ್‌ಕ್ಯಾಪ್ ಮಾಡಿದರು: ಎಲ್ಲ ಟರ್ಮಿನಲ್‌ಗಳ ನುಡಿಗಟ್ಟುಗಳನ್ನು ಹೆಸರಿನ ಪ್ರಕಾರ ಬರೆದಿಟ್ಟ ಒಂದೇ ಫೈಲು. 1980ರ ದಶಕದ ಆರಂಭದಲ್ಲಿ ಮೇರಿ ಆನ್ ಹಾರ್ಟನ್ ಅದನ್ನು ಟರ್ಮಿನ್ಫೋ ಎಂದು ಹೊಸದಾಗಿ ಕಟ್ಟಿದರು. ಲ್ಯಾಬಿನವರು ಹೇಳಿದ ಆ ಹೆಸರಿನಿಂದ ಯಂತ್ರ ಹುಡುಕಿದ್ದು ಇಂಥದೊಂದು ಪುಟವನ್ನು.

ಆ ಪುಟಗಳನ್ನು ನಾನು ಬಿಡುವಿನಲ್ಲಿ ಓದುತ್ತೇನೆ. ಇನ್ಫೋಸಿಎಂಪಿ ಎಂಬ ಆಜ್ಞೆ ಕೊಟ್ಟು ವಿಟಿ100 ಎಂದರೆ ಸಾಕು, ಓದಬಹುದಾದ ರೂಪದಲ್ಲಿ ಬಿಚ್ಚಿಡುತ್ತದೆ. ಪರದೆ ಒರೆಸುವ ಸಂಕೇತದ ಕೊನೆಯಲ್ಲಿ $<50> ಎಂದಿದೆ: ಇಷ್ಟು ಕಳಿಸಿ 50 ಮಿಲಿಸೆಕೆಂಡು ಸುಮ್ಮನಿರು, ಅದು ಒರೆಸಿ ಮುಗಿಸಲಿ, ಇಲ್ಲದಿದ್ದರೆ ಮುಂದಿನ ಅಕ್ಷರಗಳು ಕಳೆದುಹೋಗುತ್ತವೆ. ಕರ್ಸರ್ ಸರಿಸುವುದಕ್ಕೆ $<5>. ವಿಟಿ100 ಹೊರಬಂದದ್ದು 1978ರಲ್ಲಿ. ಅದಕ್ಕೆ ದಣಿವಾರಿಸಿಕೊಳ್ಳಲು ಕೊಟ್ಟ ಸಮಯ ಇವತ್ತಿನ ಯಂತ್ರಗಳಲ್ಲೂ ಹಾಗೇ ಬರೆದಿದೆ. ಯಾರೋ ಒಬ್ಬರು ಆ ಪರದೆಯ ಮುಂದೆ ಕೂತು, ಎಷ್ಟು ಹೊತ್ತು ಕಾಯಬೇಕು ಎಂದು ಅಳೆದು ಬರೆದದ್ದು. ಅದರ ಮೇಲೆ ಕಣ್ಣು ಬಿದ್ದಾಗಲೆಲ್ಲ ಮನಸ್ಸು ಮೆತ್ತಗಾಗುತ್ತದೆ.

ದಿನನಿತ್ಯದ ತೊಂದರೆಗಳು ಸಣ್ಣವು. ಬ್ಯಾಕ್‌ಸ್ಪೇಸ್ ಒತ್ತಿದರೆ ಅಳಿಸುವ ಬದಲು ^? ಬಂದರೆ, ಟರ್ಮಿನಲ್ 127 ಕಳಿಸುತ್ತಿದೆ, ಯಂತ್ರ 8ರ ದಾರಿ ಕಾಯುತ್ತಿದೆ. ಎಸ್‌ಟಿಟಿವೈ ಇರೇಸ್ ಎಂದು ಹೊಡೆದು ಆ ಕೀಯನ್ನೇ ಒಮ್ಮೆ ಒತ್ತಿ ತೋರಿಸಿದರೆ ಒಪ್ಪಂದವಾಗುತ್ತದೆ. ಪರದೆ ಮರಗಟ್ಟಿದಂತಾದರೆ ಬಹುಪಾಲು ಕೈ ತಪ್ಪಿ ಕಂಟ್ರೋಲ್-ಎಸ್ ಒತ್ತಿರುತ್ತಾರೆ. ಕಂಟ್ರೋಲ್-ಕ್ಯೂ ಒತ್ತಿದರೆ ಜೀವ ಬರುತ್ತದೆ.

ಒಂದು ಅಭ್ಯಾಸ ಮಾತ್ರ ನನಗೆ ಸಹಿಸಲಾಗದು. ಹೊಸ ಟರ್ಮಿನಲ್ ತಂತ್ರಾಂಶ ಹಾಕಿಕೊಂಡು ಹಳೆಯ ಸರ್ವರ್‌ಗೆ ಹೋದಾಗ, ಈ ಹೆಸರಿನವರು ಗೊತ್ತಿಲ್ಲ ಎನ್ನುತ್ತದೆ. ಕೂಡಲೇ ಜನ ತಮ್ಮ ಶೆಲ್‌ನ ಆರಂಭದ ಫೈಲಿನಲ್ಲಿ ಟರ್ಮ್ ಸಮ ಎಕ್ಸ್‌ಟರ್ಮ್ ಎಂದು ಬರೆದು ಮರೆತುಬಿಡುತ್ತಾರೆ. ಆ ಹೊತ್ತಿಗೆ ಕೆಲಸ ನಡೆಯುತ್ತದೆ. ನಾಳೆ ಟಿಮಕ್ಸ್ ಎಂಬ ತಂತ್ರಾಂಶದ ಒಳಗೆ ಕೂತಾಗ, ಇನ್ನೊಂದು ಯಂತ್ರದಿಂದ ಬಂದಾಗ, ಅದೇ ಸುಳ್ಳು ಎಲ್ಲ ಕಡೆಗೂ ಹಿಂಬಾಲಿಸಿ ಬಣ್ಣ ಕೆಡಿಸುತ್ತದೆ, ಕೀ ಕೆಡಿಸುತ್ತದೆ. ತಾನು ಯಾರೆಂದು ಹೇಳಬೇಕಾದದ್ದು ಟರ್ಮಿನಲ್. ನಾವು ಮಾಡಬೇಕಾದದ್ದು ಅದರ ವಿವರವನ್ನು ಇಲ್ಲಿ ಇನ್ಫೋಸಿಎಂಪಿಯಿಂದ ತೆಗೆದು, ಎಸ್‌ಎಸ್‌ಎಚ್ ಮೂಲಕ ಆಚೆಗೆ ಕಳಿಸಿ, ಅಲ್ಲಿ ಟಿಕ್ ಎಂಬ ಆಜ್ಞೆಯಿಂದ ಸೇರಿಸುವುದು. ಒಂದೇ ಸಾಲಿನ ಕೆಲಸ. ಮುಂದೆ ಆ ಸರ್ವರ್ ನಿಮ್ಮ ಟರ್ಮಿನಲನ್ನು ಹೆಸರು ಹಿಡಿದು ಗುರುತಿಸುತ್ತದೆ.

ಟರ್ಮ್ ಎಷ್ಟು ಸರಿಯಿದ್ದರೂ ಬಗೆಹರಿಯದ್ದು ಒಂದಿದೆ, ನಮ್ಮ ಕನ್ನಡ. ಟರ್ಮಿನಲ್ ಎಂದರೆ ಚೌಕುಳಿ ಕಾಗದ, ಅಕ್ಷರಕ್ಕೊಂದು ಮನೆ. 'ಸ್ತ್ರೀ' ಎಂದು ಬರೆದರೆ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ ಆರು ಸಂಕೇತ: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ. ಎಷ್ಟು ಮನೆ ಬಿಡಬೇಕು ಎಂದು ಎಡಿಟರ್ ಒಂದು ಲೆಕ್ಕ ಹಾಕುತ್ತದೆ, ಫಾಂಟ್ ಇನ್ನೊಂದು ಅಗಲ ಬಯಸುತ್ತದೆ. ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ, ಕರ್ಸರ್ ತೋರಿಸುವ ಜಾಗವೇ ಬೇರೆ, ಅಳಿಸಿಹೋಗುವ ಅಕ್ಷರವೇ ಬೇರೆ. ಕೆಲವು ಹೊಸ ಟರ್ಮಿನಲ್‌ಗಳು ಇಡೀ ಅಕ್ಷರವನ್ನು ಒಂದೇ ಗುಚ್ಛವಾಗಿ ಅಳೆಯಲು ತೊಡಗಿವೆ. ಎಡಿಟರ್‌ಗಳೂ ಅದೇ ಲೆಕ್ಕಕ್ಕೆ ಬರಬೇಕು. ಪ್ರತಿ ಹೊಸ ಆವೃತ್ತಿ ಬಂದಾಗ ನಾನು ಮೊದಲು ಬರೆದು ನೋಡುವ ಪದ ಈ 'ಸ್ತ್ರೀ'.

ಅವತ್ತು ರಾತ್ರಿ ಹುಡುಗಿಗೆ ಟರ್ಮ್ ಏನಿದೆ ನೋಡಲು ಹೇಳಿದೆ. ಎಕ್ಸ್‌ಟರ್ಮ್-256ಕಲರ್ ಎಂದಿತ್ತು, ಸರಿಯಾಗಿತ್ತು. ಹಾಗಾದರೆ ಎಡಿಟರ್ ಹಳೆಯ ವಿಐಯ ಅನುಕರಣೆಯಲ್ಲಿದೆ. ಕೋಲನ್ ಹಾಕಿ ಸೆಟ್ ನೋಕಂಪ್ಯಾಟಿಬಲ್ ಹೊಡೆಸಿದೆ. ಬಾಣ ಬಾಣವಾಯಿತು. ಫೋನ್ ಇಡುತ್ತಾಳೆ ಅಂದುಕೊಂಡೆ.

"ಸರ್, ಬೇರೆ ಕೀ ಒತ್ತಿದ್ರೆ ಏನು ಹೋಗುತ್ತೆ ಅಂತ ನೋಡೋದು ಹೇಗೆ?"

"ಎಡಿಟರ್‌ನಿಂದ ಹೊರಗೆ ಬಾ. ಕ್ಯಾಟ್ ಅಂತ ಹೊಡೆದು ಎಂಟರ್ ಒತ್ತು. ಆಮೇಲೆ ಒಂದೊಂದೇ ಕೀ ಒತ್ತು."

"ಮೇಲ್ಬಾಣಕ್ಕೆ ^[[ಎ ಅಂತ ಬಂತು. ಇಲ್ಲಿ ಓ ಇಲ್ವಲ್ಲ ಸರ್?"

"ಎಡಿಟರ್ ಒಳಗೆ ಹೋಗುವಾಗ ಕೀಗಳ ರೀತಿ ಬದಲಾಯಿಸು ಅಂತ ಟರ್ಮಿನಲ್‌ಗೆ ಹೇಳುತ್ತೆ. ಹೊರಗೆ ಬರುವಾಗ ಮೊದಲಿನ ಹಾಗೆ ಮಾಡಿಸುತ್ತೆ. ನಡುವೆ ಯಾರಾದರೂ ಅದನ್ನು ಕೊಂದರೆ ಟರ್ಮಿನಲ್ ಹಾಗೇ ಉಳಿದುಬಿಡುತ್ತೆ. ಆಗ ರೀಸೆಟ್ ಅಂತ ಹೊಡೀಬೇಕು."

"ಡಿಲೀಟ್‌ಗೆ ^[[3~." ಬರೆದುಕೊಳ್ಳುತ್ತಿದ್ದಳು, ಪೆನ್ನಿನ ಸದ್ದು ಕೇಳುತ್ತಿತ್ತು. "ಎಫ್1ಗೆ ^[ಓಪಿ. ಇದರಲ್ಲಿ ಮಾತ್ರ ಯಾಕೆ ಸರ್ ಓ?"

"ವಿಟಿ100ರಲ್ಲಿ ಬಲಗಡೆ ಪಿಎಫ್1 ಅಂತ ಒಂದು ಕೀ ಇತ್ತು. ಅದು ಕಳಿಸ್ತಿದ್ದದ್ದೇ ಇದು. ಎಫ್2 ಒತ್ತಿ ನೋಡು, ಕ್ಯೂ ಬರುತ್ತೆ."

"ಬಂತು ಸರ್!"